ಚಿಕ್ಕಬೋರಮ್ಮನ ಕಷಾಯ

ವೈದ್ಯನಾಥಪುರದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುವ ವೈದ್ಯ ಎಂದರೆ ಗುಡಿಯೊಳಗಿನ ವೈದ್ಯನಾಥೇಶ್ವರ ಒಬ್ಬನೇ. ಮಿಕ್ಕವರೆಲ್ಲ ಕೇಳದಿದ್ದರೂ ಔಷಧಿ ಹೇಳುವವರು. ಸೀನಿದರೆ ಒಬ್ಬರು ಮೆಣಸು ಎನ್ನುತ್ತಾರೆ, ಕೆಮ್ಮಿದರೆ ಇನ್ನೊಬ್ಬರು ದೊಡ್ಡಪತ್ರೆ ಎನ್ನುತ್ತಾರೆ, ಸುಮ್ಮನೆ ಮುಖ ಸಪ್ಪಗೆ ಮಾಡಿಕೊಂಡು ಜಗುಲಿ ಮೇಲೆ ಕೂತರೂ ಯಾರೋ ಬಂದು ದೃಷ್ಟಿ ತೆಗೆದುಹೋಗುತ್ತಾರೆ. ಇಂಥ ಊರಿನಲ್ಲಿ ಔಷಧಿಯಿಂದ ಹೆಸರು ಮಾಡುವುದು ಹುಡುಗಾಟವಲ್ಲ. ಚಿಕ್ಕಬೋರಮ್ಮ ಮಾಡಿದ್ದಳು.

ಅವಳಿಗೆ ಹೆಸರು ಬಂದದ್ದು ಕೊರೋನಾ ಕಾಲದಲ್ಲಿ. ಹಿತ್ತಿಲ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಯನ್ನು ಕತ್ತರಿಸಿ, ಜಜ್ಜಿ, ಮೆಣಸು ಶುಂಠಿ ಹಾಕಿ, ಮೂರು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿ ಇಡೀ ಬೀದಿಗೆ ಹಂಚಿದಳು. ಆ ಬೀದಿಯಲ್ಲಿ ಒಬ್ಬರೂ ಸಾಯಲಿಲ್ಲ. ಪಕ್ಕದ ಬೀದಿಯಲ್ಲೂ ಯಾರೂ ಸಾಯಲಿಲ್ಲ, ಅವರು ಕಷಾಯ ಕುಡಿದಿರಲೂ ಇಲ್ಲ. ಆದರೆ ಆ ಮಾತು ಎತ್ತುವ ಧೈರ್ಯ ಊರಿನಲ್ಲಿ ಯಾರಿಗೂ ಬರಲಿಲ್ಲ. ಅಂದಿನಿಂದ ಅವಳು ಕಷಾಯದ ಚಿಕ್ಕಬೋರಮ್ಮ. ಮದ್ದೂರಿನಿಂದಲೂ ಜನ ಬಾಟಲಿ ಹಿಡಿದುಕೊಂಡು ಬರುತ್ತಿದ್ದರು. ಗಂಡ ಚಿಕ್ಕಣ್ಣ ಮಾತ್ರ ಆ ಕಹಿಗೆ ಹೆದರಿ, ಕೆಮ್ಮು ಬಂದರೆ ಗದ್ದೆಯಲ್ಲೇ ಕೆಮ್ಮಿ ಮುಗಿಸಿ ಮನೆಗೆ ಬರುತ್ತಿದ್ದ.

ಇಷ್ಟು ಹೆಸರಿದ್ದವಳ ಮನೆಯಲ್ಲೇ ಸೊಸೆ ಕಾಯಿಲೆ ಬಿದ್ದಳು.

ಸೊಸೆ ಅರ್ಪಿತ ಮಳವಳ್ಳಿ ಕಡೆಯವಳು. ನಡುಮನೆಯಲ್ಲಿ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಕೈ ಬಲು ಚುರುಕು, ಮಾತು ಬಲು ಕಮ್ಮಿ. ಕಳೆದ ದೀಪಾವಳಿ ಹೊತ್ತಿಗೆ ಬೆಳಿಗ್ಗೆ ಎದ್ದಾಗ ಬೆರಳುಗಳು ಊದಿಕೊಂಡು ಕತ್ತರಿ ಹಿಡಿಯಲು ಆಗದಂತಾಯಿತು. ಆಮೇಲೆ ಸಂಜೆ ಸಂಜೆಗೆ ಜ್ವರ, ಬಾಚಣಿಗೆ ತುಂಬ ಕೂದಲು. ಮೂಗಿನ ಆಚೀಚೆ ಎರಡೂ ಕೆನ್ನೆ ಕೆಂಪಾದಾಗ ಬೀದಿಯ ಹೆಂಗಸರು ಸೊಸೆಗೆ ಬಣ್ಣ ಬಂತು ಎಂದು ಹೊಗಳಿದರು. ಚಿಕ್ಕಬೋರಮ್ಮ ಎರಡು ತಿಂಗಳು ಹೊತ್ತು ಹೊತ್ತಿಗೆ ಕಷಾಯ ಕುಡಿಸಿದಳು. ಬಣ್ಣ ಜಾಸ್ತಿಯಾಯಿತೇ ಹೊರತು ಜ್ವರ ಇಳಿಯಲಿಲ್ಲ.

ಕೊನೆಗೆ ಮಗ ಚಲುವರಾಜು, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಅವ್ವನ ಅಪ್ಪಣೆ ಕೇಳದೆ ಹೆಂಡತಿಯನ್ನು ಮಂಡ್ಯಕ್ಕೆ ಕರೆದುಕೊಂಡು ಹೋದ. ಅಲ್ಲಿ ಸ್ಪಂದನಾ ಎಂಬ ಕೀಲುವಾತದ ಡಾಕ್ಟರು ಆರೇಳು ಪುಟ್ಟ ಬಾಟಲಿಗೆ ರಕ್ತ ತೆಗೆಸಿ, ವಾರದ ಮೇಲೆ ಕಾಯಿಲೆಯ ಹೆಸರು ಲೂಪಸ್ ಎಂದರು. ಗಂಡ ಹೆಂಡತಿ ಒಂದು ಕೊಡೆ, ಒಂದು ಚೀಲ ಮಾತ್ರೆ ಮತ್ತು ಒಂದಷ್ಟು ಕಟ್ಟಪ್ಪಣೆಗಳೊಂದಿಗೆ ವಾಪಸಾದರು. ಬಿಸಿಲಿಗೆ ಹೋಗಕೂಡದು. ಮಾತ್ರೆ ಒಂದು ದಿನವೂ ತಪ್ಪಿಸಕೂಡದು. ನಾಟಿ ಔಷಧಿ, ಶಕ್ತಿ ಪುಡಿ, ಕಷಾಯ ಯಾವುದೂ ಕೂಡದು.

ಕೊನೆಯ ಮಾತು ಹೇಳುವಾಗ ಚಲುವರಾಜು ಅವ್ವನ ಮುಖ ನೋಡದೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ. ಮಾತ್ರೆಗಳಲ್ಲಿ ಒಂದು ಮಲೇರಿಯಾಕ್ಕೆ ಕೊಡುವುದಂತೆ. ಸೊಳ್ಳೆ ಕಡಿದವರ ಮಾತ್ರೆ ಇವಳಿಗೆ ಯಾಕೆ ಎಂದು ಚಿಕ್ಕಬೋರಮ್ಮ ಕೇಳಿದಳು. ಅದಕ್ಕೆ ಅವನು ತನಗೆ ಅರ್ಥವಾದಷ್ಟು ಬಿಡಿಸಿ ಹೇಳಿದ.

"ಅವ್ವ, ಇವ್ಳಿಗೆ ಸಕ್ತಿ ಕಮ್ಮಿ ಆಗಿಲ್ಲ ಕಣವ್ವ. ರೋಗದ ಮೇಲೆ ಬೀಳೋ ಸಕ್ತಿನೇ ಜಾಸ್ತಿ ಆಗ್ಬುಟ್ಟದಂತೆ. ಈ ಮಾತ್ರೆ ಅದ್ನ ತಗ್ಸಕ್ಕೆ."

ಚಿಕ್ಕಬೋರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮೂರು ವರ್ಷ ಟೀವಿಯವರು, ಆಶಾ ಕಾರ್ಯಕರ್ತೆಯರು, ಮೈಕು ಕಟ್ಟಿದ ಆಟೋದವರು ಎಲ್ಲರೂ ಒಂದೇ ಸಮನೆ ಶಕ್ತಿ ಹೆಚ್ಚಿಸಿಕೊಳ್ಳಿ ಎಂದು ಬಾಯಿ ಬಡಿದುಕೊಂಡಿದ್ದರು. ಈಗ ಓದಿದ ಹುಡುಗಿಯೊಬ್ಬಳು ಇದ್ದ ಶಕ್ತಿಯನ್ನು ತಗ್ಗಿಸಲು ಮಾತ್ರೆ ಕೊಡುತ್ತಾಳೆ. ಶಕ್ತಿ ಜಾಸ್ತಿಯಾಗಿ ಮಲಗಿದವರನ್ನು ಅವಳು ಅರವತ್ತೆರಡು ವರ್ಷದಲ್ಲಿ ಒಬ್ಬರನ್ನೂ ಕಂಡಿರಲಿಲ್ಲ. ಆದರೂ ಮಗನ ಹತ್ತಿರ ವಾದಕ್ಕೆ ಇಳಿಯಲಿಲ್ಲ, ಆಗಲಿ ಎಂದಳು. ಚಿಕ್ಕಬೋರಮ್ಮ ಆಗಲಿ ಎಂದರೆ ಊರಿನಲ್ಲಿ ಯಾರೂ ನೆಚ್ಚಿಕೊಳ್ಳುತ್ತಿರಲಿಲ್ಲ. ಮಗ ಮಾತ್ರ ನೆಚ್ಚಿಕೊಂಡ.

ಅವಳ ಲೆಕ್ಕ ಸರಳವಾಗಿತ್ತು. ಡಾಕ್ಟರು ಎಷ್ಟು ತಗ್ಗಿಸುತ್ತಾಳೋ ತಾನು ಅಷ್ಟು ಏರಿಸಿದರೆ ಸೊಸೆ ಸಮಕ್ಕೆ ನಿಲ್ಲುತ್ತಾಳೆ. ಮಾರನೆಯ ದಿನದಿಂದ ಕೋಳಿ ಕೂಗುವ ಮುಂಚೆಯೇ ಎದ್ದು ಅಮೃತಬಳ್ಳಿ ಕುಟ್ಟಿ ಕುದಿಸಿ, ಗಟ್ಟಿ ಇಳಿಸಿ, ಸೊಸೆಯ ಬೆಳಗಿನ ರಾಗಿ ಗಂಜಿಗೆ ಬೆರೆಸಿದಳು. ಕಹಿ ತಿಳಿಯಬಾರದೆಂದು ಎರಡು ಉಂಡೆ ಬೆಲ್ಲ ಹಾಕಿದಳು. ಪಾತ್ರೆ ತಾನೇ ಬೆಳಗಿದಳು, ಚರಟ ತಾನೇ ತಿಪ್ಪೆಗೆ ಹಾಕಿದಳು. ಚೊಂಬು ಕೈಗೆ ಕೊಟ್ಟು ಬಾಗಿಲ ಬಳಿ ನಿಂತು ನೋಡಿದರೆ, ಅರ್ಪಿತ ಮುಖ ಒಂದಿಷ್ಟೂ ಕಿವಿಚದೆ ತಳದ ತನಕ ಕುಡಿದು ಚೊಂಬು ಮುಂದಿಟ್ಟಳು. ಮಂಡ್ಯದ ಬೆಲ್ಲ ಎಂದರೆ ಬೆಲ್ಲ ಎಂದು ಚಿಕ್ಕಬೋರಮ್ಮ ಹೆಮ್ಮೆಪಟ್ಟಳು.

ಹೀಗೆ ಮೂರು ತಿಂಗಳು ನಡೆಯಿತು. ಅರ್ಪಿತ ಕೊಡೆ ಹಿಡಿದು ಅಂಗಡಿಗೆ ಹೋಗುವುದನ್ನು ನೋಡಿ ಬೀದಿಯವರು ಮಹಾರಾಣಿ ಬಂದಳು ಎಂದು ಗೇಲಿ ಮಾಡಿದರು. ಮಾತ್ರೆಯ ಗುಣವೋ ಏನೋ, ಬೆರಳಿನ ಊತ ಇಳಿದು ವಾರಕ್ಕೆ ಒಂದೆರಡು ಬ್ಲೌಸ್ ಹೊಲಿಯುವಂತಾದಳು. ಅದು ತನ್ನ ಗಂಜಿಯ ಗುಣ ಎಂದು ಅತ್ತೆ ಒಳಗೊಳಗೇ ಬೀಗಿದಳು. ಆದರೆ ಪ್ರತಿ ತಿಂಗಳ ಮೂತ್ರ ಪರೀಕ್ಷೆಯಲ್ಲಿ ಬೇರೆಯದೇ ಕಥೆ ಬರುತ್ತಿತ್ತು. ಮೈಯಲ್ಲಿ ಉಳಿಯಬೇಕಾದ ಪ್ರೋಟೀನು ಸೋರಿ ಹೋಗುತ್ತಿತ್ತು. ಮೊದಲ ಸಲ ದಿನಕ್ಕೆ ನೂರಿಪ್ಪತ್ತು ಮಿಲಿಗ್ರಾಂ ಇದ್ದದ್ದು ಎರಡನೆಯ ಸಲ ಮುನ್ನೂರಾಯಿತು. ಮೂರನೆಯ ತಿಂಗಳು ತೋರಿಸಲು ಹೋಗಬೇಕಾದ ದಿನ ಚಲುವರಾಜುವಿಗೆ ಹಗಲು ಪಾಳಿ ಬಿತ್ತು. ನಾನಿಲ್ಲವಾ ಎಂದು ಚಿಕ್ಕಬೋರಮ್ಮ ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಶಕ್ತಿ ತಗ್ಗಿಸುವ ಡಾಕ್ಟರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯೂ ಇತ್ತು.

ಡಾಕ್ಟರು ನೋಡಲು ಕಾಲೇಜು ಹುಡುಗಿಯಂತಿದ್ದರು. ರಿಪೋರ್ಟು ನೋಡಿ ಅವರ ಹುಬ್ಬು ಗಂಟಾಯಿತು. ನಾನೂರ ಎಂಬತ್ತು. ಐನೂರು ದಾಟಿದರೆ ಮೂತ್ರಪಿಂಡಕ್ಕೆ ಸೂಜಿ ಹಾಕಿ ಚೂರು ತೆಗೆದು ನೋಡಬೇಕಾಗುತ್ತದೆ, ಈ ವೇಗ ನೋಡಿದರೆ ಕಾಯುವುದು ಸರಿಯಲ್ಲ, ಮುಂದಿನ ವಾರವೇ ಮೈಸೂರಿನ ಆಸ್ಪತ್ರೆಗೆ ಹೋಗುವಂತೆ ಬರೆದುಕೊಡುತ್ತೇನೆ, ಈ ಮಾತ್ರೆ ನಾಟುತ್ತಿಲ್ಲ, ಬಲವಾದ ಬೇರೆ ಔಷಧಿ ಶುರು ಮಾಡಬೇಕು ಎಂದರು. ಬಿಟ್ಟರೆ ಎರಡು ಮೂತ್ರಪಿಂಡವೂ ಕೆಟ್ಟುಹೋದಾವು. ಅರ್ಪಿತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸುತ್ತಿದ್ದಳು.

ಚಿಕ್ಕಬೋರಮ್ಮನಿಗೆ ತಡೆಯಲಾಗಲಿಲ್ಲ. ಇಷ್ಟು ವಯಸ್ಸಿನ ಹುಡುಗಿಗೆ ಇದು ಯಾಕೆ ಬಂತು, ಶಕ್ತಿ ಜಾಸ್ತಿಯಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಿಯೇ ಬಿಟ್ಟಳು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ ಡಾಕ್ಟರು ಪೆನ್ನು ಕೆಳಗಿಟ್ಟು ಹೇಳತೊಡಗಿದರು. ನಮ್ಮ ಮೈ ಎಂದರೆ ಕೋಟಿಗಟ್ಟಲೆ ಜೀವಕೋಶಗಳ ಒಂದು ಊರು. ಒಂದು ಮನೆಗೆ ವೈರಸ್ ನುಗ್ಗಿದರೆ, ಆ ಮನೆಯವನು ತಾನು ಉಳಿಯುವುದು ಅನುಮಾನ ಎಂದಾದರೂ ಅಕ್ಕಪಕ್ಕದವರಿಗೆ ಕೂಗಿ ಹೇಳುತ್ತಾನೆ, ಬಾಗಿಲು ಹಾಕಿಕೊಳ್ಳಿ ಎಂದು. ಆ ಕೂಗಿಗೆ ಇಂಟರ್‌ಫೆರಾನ್ ಎನ್ನುತ್ತಾರೆ. ಕೇಳಿಸಿಕೊಂಡವರು ಬಾಗಿಲು ಭದ್ರ ಮಾಡುತ್ತಾರೆ, ಕಾವಲಿನವರು ದೊಣ್ಣೆ ಹಿಡಿದು ಬರುತ್ತಾರೆ. ಕೊರೋನಾದಲ್ಲಿ ಈ ಕೂಗು ಹೊತ್ತಿಗೆ ಸರಿಯಾಗಿ ಎದ್ದವರಲ್ಲಿ ಬಹಳ ಮಂದಿ ಸಲೀಸಾಗಿ ಪಾರಾದರು, ತಡವಾದವರಲ್ಲಿ ಹಲವರು ಒದ್ದಾಡಿದರು. ವೈರಸ್ ಹೋದ ಮೇಲೆ ಕೂಗು ನಿಲ್ಲಬೇಕು. ಅರ್ಪಿತಳ ಮೈಯಲ್ಲಿ ಅದು ನಿಲ್ಲುತ್ತಿಲ್ಲ. ಬಿಸಿಲು ತಾಗಿದರೆ ಇನ್ನೂ ಜೋರಾಗುತ್ತದೆ. ಕಾವಲಿನವರಿಗೆ ಹೊಡೆಯಲು ಕಳ್ಳ ಸಿಗುತ್ತಿಲ್ಲ, ಮನೆಯವರನ್ನೇ ಬಡಿಯುತ್ತಿದ್ದಾರೆ. ಮೊದಲು ಕೀಲು, ಆಮೇಲೆ ಚರ್ಮ, ಈಗ ಮೂತ್ರಪಿಂಡ.

ಚಿಕ್ಕಬೋರಮ್ಮನ ಮುಖ ಅರಳಿತು. ಇದು ಅವಳಿಗೆ ಗೊತ್ತಿದ್ದ ಸಂಗತಿ.

"ನಮ್ಮೂರ್ ಮರಿಸಿದ್ದಯ್ಯನಂಗೆ ಅನ್ನಿ" ಎಂದು ಅವನ ಕಥೆ ಶುರು ಮಾಡಿದಳು.

ಎರಡು ವರ್ಷದ ಹಿಂದೆ ಊರ ಕಬ್ಬಿನ ಗದ್ದೆಗೆ ಚಿರತೆ ಬಂದಿತ್ತು. ಮೊದಲು ಕಂಡವನು ಮರಿಸಿದ್ದಯ್ಯ. ಕೈಯಲ್ಲಿದ್ದ ಊಟದ ತಟ್ಟೆಯನ್ನೇ ಕಲ್ಲಿನಿಂದ ಬಡಿಯುತ್ತಾ ಬೀದಿಯುದ್ದಕ್ಕೂ ಓಡಿ ಊರನ್ನು ಎಚ್ಚರಿಸಿದ. ಜನ ಬಾಗಿಲು ಹಾಕಿಕೊಂಡರು, ಆಡು ಕುರಿ ಉಳಿದವು, ಅರಣ್ಯದವರು ಬಂದು ಬೋನಿಟ್ಟು ಚಿರತೆಯನ್ನು ಹಿಡಿದುಕೊಂಡು ಹೋದರು. ಮರಿಸಿದ್ದಯ್ಯನಿಗೆ ಪಂಚಾಯಿತಿಯಲ್ಲಿ ಶಾಲು ಹೊದಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅವನು ತಟ್ಟೆ ಕೆಳಗಿಡಲೇ ಇಲ್ಲ. ನಾಯಿ ಕಂಡರೆ ಬಡಿದ, ನೆರಳು ಕಂಡರೆ ಬಡಿದ, ತೆಂಗಿನ ಗರಿ ಅಲುಗಿದರೆ ಬಡಿದ. ಒಂದು ಮುಸ್ಸಂಜೆ ಅವನ ತಟ್ಟೆ ಕೇಳಿ ಎಲ್ಲರೂ ದೊಣ್ಣೆ ಹಿಡಿದು ಓಡಿದರು. ಕಬ್ಬಿನ ಸಾಲಿನಲ್ಲಿ ಅಲುಗಿದ್ದಕ್ಕೆ ಗುಂಪಿನ ಮುಂದಿದ್ದ ಪುಟ್ಟರಾಜು ಎಂಬವನು ಕಣ್ಣು ಮುಚ್ಚಿ ನಾಲ್ಕು ಬಾರಿಸಿದ. ಅದು ಪುಟ್ಟರಾಜುವಿನದೇ ಕರು. ಇಂದಿಗೂ ಕುಂಟುತ್ತದೆ.

ಡಾಕ್ಟರು ಜೋರಾಗಿ ನಕ್ಕರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ ಅಮ್ಮಾ, ಈ ಮಾತ್ರೆ ಇರುವುದೇ ಮರಿಸಿದ್ದಯ್ಯನ ಕೈಯಿಂದ ತಟ್ಟೆ ಬಿಡಿಸಲು ಎಂದರು. ಅವನ ತಟ್ಟೆಯ ಸದ್ದು ಊರಿನವರ ಕಿವಿಗೆ ಬೀಳದಂತೆ ತಡೆಯುವ ಇಂಜೆಕ್ಷನ್ನೂ ಈಗ ಬಂದಿದೆಯಂತೆ, ಅದು ಬೇಕಾ ಬೇಡವಾ ಎಂಬುದು ಮುಂದಿನ ಮಾತು.

"ಇಂಥವರಿಗೆ ಅಮೃತಬಳ್ಳಿ, ಆ ಪುಡಿ ಈ ಪುಡಿ ಅಂತ ಕೊಟ್ಟರೆ ಮರಿಸಿದ್ದಯ್ಯನ ಇನ್ನೊಂದು ಕೈಗೂ ತಟ್ಟೆ ಕೊಟ್ಟ ಹಾಗಾಗಬಹುದು. ಅದಕ್ಕೇ ನಾನು ಬೇಡ ಅನ್ನೋದು. ಅರ್ಪಿತ, ನೀವು ಬೇರೆ ಏನೂ ತಗೊಳ್ತಿಲ್ಲ ತಾನೇ?"

"ಇಲ್ಲ ಮೇಡಂ" ಎಂದಳು ಅರ್ಪಿತ.

ನಗುತ್ತಿದ್ದ ಚಿಕ್ಕಬೋರಮ್ಮನ ಬಾಯಿ ತೆರೆದಂತೆಯೇ ನಿಂತಿತು. ಡಾಕ್ಟರು ಚೀಟಿ ಬರೆಯುತ್ತೇನೆ, ಹೊರಗೆ ಕೂತಿರಿ ಎಂದರು. ಸೊಸೆಯ ಹಿಂದೆ ಹೊರಗೆ ಬಂದು ಬೆಂಚಿನ ಮೇಲೆ ಕೂತವಳಿಗೆ ಮೇಲೆ ಫ್ಯಾನು ತಿರುಗುತ್ತಿದ್ದರೂ ಕುತ್ತಿಗೆಯಲ್ಲಿ ಬೆವರಿಳಿಯಿತು.

ಮೊದಲು ಅವಳಿಗೆ ಹೊಳೆದದ್ದು ಎಲ್ಲರಿಗೂ ಹೊಳೆಯುವಂಥದ್ದೇ. ನಾಳೆಯಿಂದ ಸದ್ದಿಲ್ಲದೆ ನಿಲ್ಲಿಸಿಬಿಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ. ಅರ್ಪಿತಳಿಗೆ ಗೊತ್ತಿಲ್ಲ, ಮಗನಿಗೆ ಗೊತ್ತಿಲ್ಲ, ಬೆಳಗಿದ ಪಾತ್ರೆ ಸಾಕ್ಷಿ ಹೇಳುವುದಿಲ್ಲ. ಆದರೆ ಒಳಗೆ ಆ ಡಾಕ್ಟರು ಹುಡುಗಿ ಚೀಟಿ ಬರೆಯುತ್ತಿದ್ದಳು. ಮಾತ್ರೆ ನಾಟಲಿಲ್ಲ ಎಂದುಕೊಂಡು ಮೈಸೂರಿಗೆ ಬರೆಯುತ್ತಿದ್ದಳು. ಮಾತ್ರೆ ನಾಟದಂತೆ ಎದುರು ನಿಂತು ಎಳೆದವಳು ಇಲ್ಲಿ ಬೆಂಚಿನ ಮೇಲೆ ಕೂತಿದ್ದಾಳೆ ಎಂದು ಆ ಡಾಕ್ಟರಿಗೆ ಹೇಗೆ ತಿಳಿಯಬೇಕು? ಬಾಯಿ ಮುಚ್ಚಿಕೊಂಡು ಕೂತರೆ ಮುಂದಿನ ವಾರ ಸೊಸೆಯ ಬೆನ್ನಿಗೆ ಸೂಜಿ ಇಳಿಯುತ್ತದೆ, ಬೇಕಿಲ್ಲದ ಔಷಧಿ ಮೈಗೆ ಹೋಗುತ್ತದೆ. ಬಾಯಿ ಬಿಟ್ಟರೆ ಕಷಾಯದ ಚಿಕ್ಕಬೋರಮ್ಮ ಸೊಸೆಗೆ ವಿಷ ಹಾಕಿದಳು ಎಂದು ಸಂಜೆಯೊಳಗೆ ಮದ್ದೂರು ದಾಟಿ ಶಿವಪುರದವರೆಗೆ ಸುದ್ದಿ ಹೋಗುತ್ತದೆ. ಮಗ ಮುಖ ಕೊಟ್ಟು ಮಾತಾಡುತ್ತಾನೋ ಇಲ್ಲವೋ. ಅವಳಿಗೆ ನಿಜವಾಗಿ ಭಯವಾಯಿತು. ಜೀವಮಾನದಲ್ಲಿ ಇಷ್ಟು ಭಯಪಟ್ಟದ್ದು ಅವಳಿಗೇ ನೆನಪಿರಲಿಲ್ಲ.

ಪಕ್ಕದಲ್ಲಿ ಅರ್ಪಿತ ತನ್ನ ಬಾಟಲಿ ತೆಗೆದು, ಅತ್ತೆ ಬೆವರುತ್ತಿರುವುದನ್ನು ಕಂಡು, ಮೊದಲು ಅತ್ತೆಗೆ ನೀರು ಕೊಟ್ಟಳು. ಚಿಕ್ಕಬೋರಮ್ಮ ನೀರು ಕುಡಿಯಲಿಲ್ಲ. ಎದ್ದು, ಸರದಿಯಲ್ಲಿದ್ದ ಗಂಡಸೊಬ್ಬನನ್ನು ಮೊಣಕೈಯಿಂದ ಸರಿಸಿ, ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಏನಾಯಿತೋ ಎಂದು ಅರ್ಪಿತ ಹಿಂದೆಯೇ ಓಡಿಬಂದಳು.

"ಡಾಕ್ಟ್ರವ್ವ, ಆ ತಟ್ಟೆ ಕೊಟ್ಟೋಳು ನಾನೇ ಕಣವ್ವ" ಎಂದಳು ಚಿಕ್ಕಬೋರಮ್ಮ. "ಮೂರ್ ತಿಂಗ್ಳಿಂದ ದಿನಾ ಗಂಜಿಗೆ ಬೆರ್ಸಿ ಅಮೃತಬಳ್ಳಿ ಕುಡ್ಸಿವ್ನಿ. ಈ ಮಗೀಗೆ ಗೊತ್ತಿಲ್ಲ. ಸೂಜಿ ಆಕೋದಾದ್ರೆ ನಂಗೆ ಆಕಿ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚಿಕ್ಕಬೋರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಬರೆಯುತ್ತಿದ್ದ ಚೀಟಿಯನ್ನು ಪಕ್ಕಕ್ಕಿಟ್ಟು ನಿಧಾನವಾಗಿ ಹೇಳಿದರು. ಎಲ್ಲವೂ ಅದರಿಂದಲೇ ಆಯಿತು ಎಂದು ಹೇಳಲಾಗುವುದಿಲ್ಲ, ಈ ಕಾಯಿಲೆ ತಾನಾಗಿಯೂ ಹೀಗೆ ಏರುತ್ತದೆ. ಆದರೆ ಅದು ನಿಲ್ಲದೆ ಮಾತ್ರೆಯ ಬಗ್ಗೆ ತೀರ್ಪು ಕೊಡುವುದೂ ಸರಿಯಲ್ಲ. ಇಂದೇ ನಿಲ್ಲಿಸಿ. ಉಪ್ಪು ಕಮ್ಮಿ ಮಾಡಿ. ವಾರ ವಾರ ಮದ್ದೂರಿನಲ್ಲೇ ಮೂತ್ರ ಪರೀಕ್ಷೆ ಮಾಡಿಸಿ ನನಗೆ ಕಳಿಸಿ. ನಾಲ್ಕು ವಾರ ನೋಡೋಣ. ನಡುವೆ ಕಾಲು ಊದಿದರೂ ಸರಿ, ಐನೂರು ದಾಟಿದರೂ ಸರಿ, ಅವತ್ತೇ ಮೈಸೂರು. ಆಮೇಲೆ ಅರ್ಪಿತಳ ಕಡೆ ತಿರುಗಿದರು.

"ಅಮೃತಬಳ್ಳಿ ಅಷ್ಟು ಕಹಿ. ನಿಮಗೆ ಒಂದು ದಿನವೂ ಗೊತ್ತಾಗಲಿಲ್ವಾ?"

ಅರ್ಪಿತ ತಲೆ ತಗ್ಗಿಸಿದಳು. ಚಿಕ್ಕಬೋರಮ್ಮನಿಗೆ ಆಗ ಹೊಳೆಯಿತು, ಎರಡಲ್ಲ ಹತ್ತು ಉಂಡೆ ಬೆಲ್ಲ ಹಾಕಿದರೂ ಆ ಕಹಿ ಮುಚ್ಚುವುದಿಲ್ಲ ಎಂದು. ಅದಕ್ಕೆ ಹೆದರಿಯೇ ತನ್ನ ಗಂಡ ಗದ್ದೆಯಲ್ಲಿ ಕೆಮ್ಮುತ್ತಿದ್ದ.

"ಮೊದ್ಲೇ ದಿನಾನೇ ಗೊತ್ತಾಯ್ತು" ಎಂದಳು ಅರ್ಪಿತ, ಡಾಕ್ಟರಿಗಲ್ಲ, ಅತ್ತೆಗೆ. "ನಮ್ಮವ್ವ ಸತ್ತಾಗ ನಂಗೆ ಅದ್ನಾರು ವರ್ಸ. ಆಮೇಲೆ ನಂಗೋಸ್ಕರ ಯಾರೂ ಒಲೆ ಅಚ್ಚಿರ್ಲಿಲ್ಲ ಅತ್ತೆ. ನೀವು ಕೋಳಿ ಕೂಗೋಕ್ ಮುಂಚೆ ಎದ್ದು ಕುಟ್ಟೋ ಸದ್ದು ಕೇಳ್ತಿತ್ತು. ಬ್ಯಾಡ ಅನ್ನಕ್ಕೆ ಬಾಯಿ ಬರ್ನಿಲ್ಲ."

ಬಡಿಸಿದ ಕೈಗೆ ಬೇಡ ಎನ್ನುವುದು ನಮ್ಮ ಕಡೆ ಬೈಗುಳಕ್ಕೆ ಸಮ. ಎಲೆಗೆ ಕೈ ಅಡ್ಡ ಹಿಡಿದರೆ ಆ ಕೈಯ ಮೇಲೇ ಬಡಿಸುವ ಜನ ನಾವು. ಅದನ್ನೆಲ್ಲ ದೊಡ್ಡಸ್ತಿಕೆ ಎಂದು ಹೇಳಿಕೊಂಡು ತಿರುಗುತ್ತೇವೆ. ಆ ದೊಡ್ಡಸ್ತಿಕೆ ಒಂದು ಹೆಣ್ಣಿನ ಮೂತ್ರಪಿಂಡದವರೆಗೂ ಹೋಗಬಲ್ಲದು ಎಂದು ಚಿಕ್ಕಬೋರಮ್ಮನಿಗೆ ಅಂದು ಆ ಬಿಳಿ ಗೋಡೆಯ ಕೋಣೆಯಲ್ಲಿ ತಿಳಿಯಿತು. ಅವಳು ಕುರ್ಚಿಯಲ್ಲಿ ಕುಸಿದು, ಹೊರಗಿನವರಿಗೆ ಕೇಳಿಸುವಷ್ಟು ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಸೊಸೆಯನ್ನು ಗದರಿದಳು.

"ಇನ್ಮ್ಯಾಕೆ ನಂಗೆ ಬ್ಯಾಡ ಅನ್ನೋದ ಕಲ್ತ್ಕೊ. ನಿನ್ ಜೀವುಕ್ಕಿಂತ ನನ್ ಮರ್ವಾದೆ ದೊಡ್ದೇನಮ್ಮಿ?"

ಕಲಿಯುವುದು ಅಷ್ಟು ಸುಲಭವಾಗಿರಲಿಲ್ಲ. ಮನೆಗೆ ಬಂದು ಮಗನಿಗೂ ಗಂಡನಿಗೂ ತಾನೇ ಎಲ್ಲವನ್ನೂ ಹೇಳಿದಳು. ಚಲುವರಾಜು ಎರಡು ದಿನ ಅವ್ವನ ಹತ್ತಿರ ಮಾತು ಬಿಟ್ಟ, ಮೂರನೆಯ ದಿನ ಹಸಿವಾಗಿ ಮಾತಾಡಿದ. ಬಾಟಲಿ ಹಿಡಿದು ಬಂದವರನ್ನು ಚಿಕ್ಕಬೋರಮ್ಮ ಈಗ ಮೊದಲು ವಿಚಾರಣೆ ಮಾಡತೊಡಗಿದಳು, ಯಾವ ಕಾಯಿಲೆ, ಯಾವ ಮಾತ್ರೆ, ಡಾಕ್ಟರನ್ನು ಕೇಳಿದ್ದೀಯಾ ಎಂದು. ಅರ್ಧ ಜನ ಬೇಸತ್ತು ಬರುವುದನ್ನೇ ಬಿಟ್ಟರು. ಇದರ ಜೊತೆಗೆ ಸೊಸೆಗೆ ದಿನಾ ಪರೀಕ್ಷೆ. ಊಟ ಮುಗಿದ ಮೇಲೂ ಇನ್ನೊಂದು ಮುದ್ದೆ ತಂದು ತಟ್ಟೆಯ ಮೇಲೆ ಹಿಡಿದು ನಿಲ್ಲುತ್ತಿದ್ದಳು, ಬೇಡ ಎನ್ನಲಿ ಎಂದು. ಅರ್ಪಿತ ಬಾಯಿ ತೆರೆದು, ಅತ್ತೆಯ ಮುಖ ನೋಡಿ, ತಟ್ಟೆ ಮುಂದಕ್ಕೆ ತಳ್ಳುತ್ತಿದ್ದಳು. ಇವಳ ಕೈಯಲ್ಲಿ ಆಗುವ ಕೆಲಸವಲ್ಲ ಇದು ಎಂದು ಚಿಕ್ಕಬೋರಮ್ಮ ತಲೆ ಚಚ್ಚಿಕೊಂಡಳು.

ವಾರ ವಾರ ಮದ್ದೂರಿನ ಲ್ಯಾಬಿನಿಂದ ಚೀಟಿ ಬಂತು. ಮೊದಲ ವಾರ ನಾನೂರ ತೊಂಬತ್ತು. ಅಂದು ಚಿಕ್ಕಬೋರಮ್ಮ ಊಟ ಮಾಡಲಿಲ್ಲ. ಎರಡನೆಯ ವಾರ ನಾನೂರ ಹತ್ತು. ನಾಲ್ಕನೆಯ ವಾರ ಅತ್ತೆ ಸೊಸೆ ಇಬ್ಬರೂ ಮಂಡ್ಯಕ್ಕೆ ಹೋದರು. ಇನ್ನೂರ ಮೂವತ್ತು. ಸದ್ಯಕ್ಕೆ ಸೂಜಿ ಬೇಡ ಎಂದರು ಡಾಕ್ಟರು. ಕಾಯಿಲೆ ಹೋಗಿಲ್ಲ, ಹೋಗುವಂಥದ್ದೂ ಅಲ್ಲ, ಮಾತ್ರೆ ಬಿಡುವಂತಿಲ್ಲ, ಆದರೆ ಮೂತ್ರಪಿಂಡ ಸುಧಾರಿಸಿಕೊಳ್ಳುತ್ತಿದೆ ಎಂದರು. ಚಿಕ್ಕಬೋರಮ್ಮ ಅವರ ಎರಡೂ ಕೆನ್ನೆ ನೀವಿ ಲಟಿಕೆ ಮುರಿದಳು.

ವಾಪಸು ಬರುವಾಗ ಬಸ್ಸು ಹೊರಡುವ ಮೊದಲು ಸೌತೆಕಾಯಿ ಮಾರುವವನು ಹತ್ತಿದ. ಉದ್ದಕ್ಕೆ ಸೀಳಿ, ನಡುವೆ ಉಪ್ಪು ಖಾರದ ಪುಡಿ ಮೆತ್ತಿದ ಎಳೆ ಸೌತೆಕಾಯಿ. ಖುಷಿಯಲ್ಲಿದ್ದ ಚಿಕ್ಕಬೋರಮ್ಮ ಪರೀಕ್ಷೆ ಗಿರೀಕ್ಷೆ ಎಲ್ಲ ಮರೆತು ಎರಡು ಕೊಂಡು, ಒಂದನ್ನು ಸೊಸೆಯ ಮುಂದೆ ಹಿಡಿದಳು. ಅರ್ಪಿತ ಕೈ ಚಾಚಿದಳು. ಚಾಚಿದ ಕೈ ಅರ್ಧದಲ್ಲಿ ನಿಂತಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಬ್ಯಾಡ ಅತ್ತೆ. ಉಪ್ಪದೆ."

ಚಿಕ್ಕಬೋರಮ್ಮನಿಗೆ ಹಳೇ ಅಭ್ಯಾಸದಿಂದ ಸರ್ರನೆ ಸಿಟ್ಟು ಬಂತು. ಬಂದ ಸಿಟ್ಟು ಗಂಟಲಿನ ತನಕ ಬಂದು ಅಲ್ಲೇ ಕರಗಿತು.

"ಇನ್ನೊಂದ್ಸತಿ ಅನ್ನಮ್ಮಿ."

"ಬ್ಯಾಡ" ಎಂದಳು ಅರ್ಪಿತ. ಈ ಸಲ ಸ್ವಲ್ಪ ಗಟ್ಟಿಯಾಗಿ.

ಚಿಕ್ಕಬೋರಮ್ಮ ಆಚೆ ಸೀಟಿನಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿನ ತೋಳು ತಟ್ಟಿ, ನಮ್ಮ ಸೊಸೆ ನನಗೇ ಬೇಡ ಎಂದಳು ಎಂದು ಹೇಳಿದಳು. ಮುಂದಿನ ಸೀಟಿನವರಿಗೂ ಹೇಳಿದಳು. ಟಿಕೆಟ್ ಕೊಡಲು ಬಂದ ಕಂಡಕ್ಟರನನ್ನೂ ಬಿಡಲಿಲ್ಲ. ಆ ಹೆಂಗಸು ಮರುಕದಿಂದ ಲೊಚಗುಟ್ಟಿ, ಈಗಿನ ಕಾಲದ ಸೊಸೆಯರೇ ಹಾಗೆ ಬಿಡಿ, ಹೊಂದಿಕೊಂಡು ಹೋಗಬೇಕು ಎಂದು ಸಮಾಧಾನ ಮಾಡಿದಳು. ಚಿಕ್ಕಬೋರಮ್ಮ ಹೌದು ಹೌದು ಎಂದು ತಲೆಯಾಡಿಸುತ್ತಾ, ಎರಡೂ ಸೌತೆಕಾಯಿಗಳನ್ನು ಮದ್ದೂರು ಬರುವ ತನಕ ಒಬ್ಬಳೇ ತಿಂದಳು.